ಎಡಗೈ ಮೇಲಿನ ಇಂಟು ಮಾರ್ಕು

“ಇನ್ನೊಂದು ಚೊಂಬು ಹಾಕು,” ಎಂದರು ಗಂಗಾಧರಪ್ಪ.

ಅಳಿಯ ದೇವರಾಜ ಬಿಸಿನೀರು ಹೊಯ್ದ. ಗಂಗಾಧರಪ್ಪನವರು ತಮ್ಮನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ತೆಂಗಿನ ನಾರಿನಿಂದ ಮತ್ತೆ ಉಜ್ಜಿದರು. ಸೀಗೆಪುಡಿ ಆಗಿತ್ತು, ಕಡಲೆಹಿಟ್ಟು ಆಗಿತ್ತು, ಕೊನೆಗೆ ಹೆಂಡತಿ ರುದ್ರಾಣಿ ಒಳಗಿನಿಂದ ಅರ್ಧ ನಿಂಬೆಹಣ್ಣನ್ನೂ ತಂದುಕೊಟ್ಟಿದ್ದಳು. ಹಿಂಗೈ ಮೇಲಿನ ಕಪ್ಪು ಗುರುತು ಕೊಂಚ ಮಾಸಿತೇ ಹೊರತು ಹೋಗಲಿಲ್ಲ. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಗೆಣ್ಣಿನವರೆಗೆ ಒಂದು ಗೀಟು, ಅದನ್ನು ಅಡ್ಡ ಹಾಯ್ದು ಇನ್ನೊಂದು. ಶಾಲೆಯಲ್ಲಿ ಮೇಷ್ಟ್ರು ತಪ್ಪು ಲೆಕ್ಕಕ್ಕೆ ಹಾಕುವ ಇಂಟು ಮಾರ್ಕು.

“ಬಿಡಿ ಮಾವ. ಅದು ಪರ್ಮನೆಂಟ್ ಮಾರ್ಕರ್ದು. ಹೋಗೋಕೆ ನಾಲ್ಕು ದಿನ ಬೇಕು,” ಎಂದ ದೇವರಾಜ.

“ನಾಲ್ಕು ದಿನ ಎಲ್ಲಿಂದ ತರೋದು?”

ಬಾವಿಕಟ್ಟೆಯ ಮೇಲೆ ಕೂತಿದ್ದ ದಾಯಾದಿ ಶೇಷಪ್ಪ ಕೊರಳು ಚಾಚಿ ನೋಡಿದ. “ಆ ಹುಡುಗರ ಕೆಲಸ ಇದು ಗಂಗಣ್ಣ. ಹಾಡಂತೆ ಹಾಡು! ಹುಲಿ ಕಂಡ ದನ ಅರಚಿದ ಹಾಗೆ ಅರಚ್ತವೆ. ಎತ್ತಿಗೆ ಮುದ್ರೆ ಒತ್ತಲ್ವಾ, ಹಾಗೆ ಇವನಿಗೂ ಒತ್ತಿದಾವೆ ನೋಡು.”

“ಹೋಗಲಿ ಬಿಡು ಶೇಷಪ್ಪ.”

“ನಾನು ಬಿಡ್ತೀನಿ ಮಾರಾಯ, ಊರು ಬಿಡಬೇಕಲ್ಲ. ಬಾಳೆಹೊನ್ನೂರು ರಸ್ತೇಲಿ ಅಷ್ಟುದ್ದ ಜಾಗ ಇರೋವಾಗ ಗಾಡಿ ವೈನ್ ಶಾಪ್ ಮುಂದೇನೇ ಯಾಕೆ ನಿಲ್ಲಬೇಕಿತ್ತು ಅಂತ ಬಸ್‌ಸ್ಟ್ಯಾಂಡಲ್ಲಿ ಕೇಳ್ತಾ ಇದ್ರು. ಕೇಳಿದ್ದು ನಾನಲ್ಲ.”

ಗಂಗಾಧರಪ್ಪನವರ ಕೈಯಲ್ಲಿದ್ದ ನಾರು ಒಂದು ಗಳಿಗೆ ನಿಂತಿತು, ಮತ್ತೆ ಆಡತೊಡಗಿತು.

ರುದ್ರೇಶ ಹೋದದ್ದು ಹಿಂದಿನ ಸಂಜೆ. ವಯಸ್ಸು ಐವತ್ತಾರು. ಕಳಸದಲ್ಲಿ ಹುಡುಗರ ಕಾರ್ಯಕ್ರಮ ಮುಗಿಸಿ ಅವರನ್ನೆಲ್ಲ ಟೆಂಪೊದಲ್ಲಿ ಕೂರಿಸಿಕೊಂಡು ಆಲ್ದೂರಿಗೆ ವಾಪಸು ಬರುತ್ತಿದ್ದ. ಬಾಳೆಹೊನ್ನೂರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು ಡಾಕ್ಟರು. ಇನ್ನೊಂದು ಮಾತು ಕೇಳಬೇಕೆಂದು ಗಂಗಾಧರಪ್ಪನವರ ನಾಲಗೆಯ ತುದಿಗೆ ಬಂದಿತ್ತು: ತಮ್ಮ ಕುಡಿದಿದ್ದನೇ? ಕೇಳಲಿಲ್ಲ. ಬರುವ ಉತ್ತರವನ್ನು ಹೊತ್ತುಕೊಂಡು ಉಳಿದ ದಿನಗಳನ್ನು ನೂಕಬೇಕಲ್ಲ ಎಂದು ಹೆದರಿದ್ದರು.

ಮೈ ಒರೆಸಿ, ಬಿಳಿ ಪಂಚೆ ಉಡಿಸಿ, ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಹಲಗೆಯಿಟ್ಟು ರುದ್ರೇಶನನ್ನು ಪದ್ಮಾಸನದಲ್ಲಿ ಕೂರಿಸಿದರು. ಬದುಕಿದ್ದಾಗ ಅವನು ಅಷ್ಟು ನೆಟ್ಟಗೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಭಜನೆಯವರು ತಾಳ ಹಿಡಿದು ಒಂದು ಪದ ಮುಗಿಸುವ ಹೊತ್ತಿಗೆ ಮಠದ ಅಯ್ಯನವರು ಬಂದರು. ಬರಿಗೊರಳನ್ನು ಕಂಡು ಮೆಲ್ಲಗೆ ಕೇಳಿದರು:

“ಲಿಂಗ ಎಲ್ಲಿ ಗಂಗಾಧರಪ್ಪನೋರೆ?”

“ನನ್ನ ಹತ್ರ ಇದೆ. ದೇವರಮನೇಲಿ.”

“ಹಾಗಾದ್ರೆ ತನ್ನಿ. ಎಡಗೈಲಿ ಇಟ್ಟು ಕಳಿಸಬೇಕಲ್ಲ.”

“ತರ್ತೀನಿ,” ಎಂದರು ಗಂಗಾಧರಪ್ಪ. ಆದರೆ ಏಳಲಿಲ್ಲ.

ಏಳುವುದಾದರೂ ಹೇಗೆ? ಆ ಲಿಂಗವನ್ನು ಒಮ್ಮೆ ಅವರೇ ತಮ್ಮನಿಗೆ ಕೊಡಲು ಹೋಗಿದ್ದರು. ಅವನು ಬೇಡ ಎಂದು ಕೈ ಹಿಂದಕ್ಕೆ ಎಳೆದುಕೊಂಡಿದ್ದ. ಬದುಕಿದ್ದಾಗ ಕೈ ಎಳೆದುಕೊಂಡವನು ಈಗ ಎಳೆದುಕೊಳ್ಳಲಾರ ಎಂದು ಅದನ್ನು ಅಂಗೈಯೊಳಗೆ ತುರುಕಿದರೆ ದೇವರಿಗೂ ಅವಮಾನ, ತಮ್ಮನಿಗೂ ಅವಮಾನ.

*

ಹದಿನೆಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ರುದ್ರೇಶ ತಾನೇ ಲಿಂಗ ಕಟ್ಟಿದ ಶಿವದಾರವನ್ನು ಕೊರಳಿಂದ ತೆಗೆದು ಅಣ್ಣನ ಮುಂದೆ ಇಟ್ಟಿದ್ದ.

“ಇದು ನಿನ್ನ ಹತ್ರ ಇರಲಿ ಅಣ್ಣಯ್ಯ. ನಾನು ಬೀಳೋ ಚರಂಡೀಲಿ ಇದೂ ಬೀಳೋದು ಬೇಡ.”

ಕುಡಿದು ಆಡಿದ ಮಾತಲ್ಲ ಅದು. ಬೆಳಗಿನ ಆರು ಗಂಟೆ. ದಿನದಲ್ಲಿ ಅವನು ಮೈಮೇಲೆ ಎಚ್ಚರವಿಟ್ಟುಕೊಂಡಿರುತ್ತಿದ್ದ ಒಂದೇ ಹೊತ್ತು. ಅಂದಿನಿಂದ ಗಂಗಾಧರಪ್ಪನವರು ತಮ್ಮ ಲಿಂಗದ ಪೂಜೆಯಾದ ಮೇಲೆ ತಮ್ಮನ ಲಿಂಗಕ್ಕೂ ನೀರೆರೆದು, ಬಿಲ್ವಪತ್ರೆ ಇಟ್ಟು, ಬೆಳ್ಳಿಯ ಕರಡಿಗೆಯಲ್ಲಿ ಮುಚ್ಚಿಡುತ್ತಿದ್ದರು. ಜ್ವರ ಬಂದ ದಿನವೂ ತಪ್ಪಿಸಿದವರಲ್ಲ.

ಆಲ್ದೂರಿನ ಪೇಟೆಯಲ್ಲಿ, ಮನೆಗೆ ಅಂಟಿಕೊಂಡೇ, ಅವರದು ಗೋಣಿಚೀಲ, ಟಾರ್ಪಾಲು, ಹಗ್ಗದ ಅಂಗಡಿ. ಎಸ್ಟೇಟುಗಳಿಗೆ ಚೀಲ ಸಾಗಿಸುವ ಟೆಂಪೊವನ್ನು ರುದ್ರೇಶ ಓಡಿಸುತ್ತಿದ್ದ, ಉಳಿದ ಹೊತ್ತು ಕುಡಿಯುತ್ತಿದ್ದ. ಕುಡುಕನಿಗೆ ಹೆಣ್ಣು ಕೊಡುವವರು ಯಾರು? ಅಂಗಡಿಯ ಹಿಂದಿನ ಕೋಣೆಯೇ ಅವನ ಸಂಸಾರವಾಯಿತು. ಅಣ್ಣ ಮಾಡದ ಪ್ರಯತ್ನವಿಲ್ಲ. ಧರ್ಮಸ್ಥಳದಲ್ಲಿ ಆಣೆ ಹಾಕಿಸಿದರು. ಮದ್ಯ ಬಿಡಿಸುವ ಶಿಬಿರಕ್ಕೆ ಸೇರಿಸಿದರು. ಕಳಸೇಶ್ವರನಿಗೆ ಬೆಳ್ಳಿ ದೀಪದ ಹರಕೆ ಹೊತ್ತರು. ಆಣೆ ಒಂದು ತಿಂಗಳು ನಡೆಯಿತು, ಶಿಬಿರ ಒಂದು ವಾರ.

ಹನ್ನೊಂದು ವರ್ಷದ ಹಿಂದೆ ಮೂಡಿಗೆರೆಯ ನಾಲ್ಕು ಜನ ಕಾಲೇಜು ಮಕ್ಕಳು ಟೆಂಪೊ ಕೇಳಿಕೊಂಡು ಅಂಗಡಿಗೆ ಬಂದರು. ಹಾಸನಕ್ಕೆ ಹೋಗಿ ಹಾಡಬೇಕಂತೆ. ಹಾರ್ಡ್‌ಕೋರ್ ಪಂಕ್ ಎಂಬ ಜಾತಿಯ ಹಾಡಂತೆ. ಅವರ ತಂಡದ ಹೆಸರು ಕಾಂಡಕೊರಕ. ಕಾಫಿಗಿಡದ ಕಾಂಡ ಕೊರೆದು, ತೋಟವನ್ನು ಒಳಗೊಳಗೇ ಒಣಗಿಸುವ ಹುಳದ ಹೆಸರು. ಬೆಳೆಗಾರರು ಅದನ್ನು ಬೋರರ್ ಎಂದು ಕರೆದು, ಕರೆದ ಬಾಯಿಂದಲೇ ಶಪಿಸುವರು.

“ಇಡೋಕೆ ಒಂದು ಹೂವಿನ ಹೆಸರು ಸಿಗಲಿಲ್ವೇನ್ರೋ?” ಎಂದು ಗಂಗಾಧರಪ್ಪನವರು ಕೇಳಿದ್ದರು.

“ಹೂವಿಗೆ ಯಾರು ಹೆದರ್ತಾರೆ ಅಣ್ಣಯ್ಯ?” ಎಂದು ರುದ್ರೇಶನೇ ಅವರ ಪರವಾಗಿ ನಕ್ಕಿದ್ದ.

ಹೊರಡುವ ದಿನ ಬೆಳಿಗ್ಗೆ ಒಂಬತ್ತಕ್ಕೇ ಅವನು ಹಾಕಿಕೊಂಡು ಬಂದ. ಹಾಡುವ ಹುಡುಗಿ ಭುವನಾಗೆ ಆಗ ಹದಿನೇಳು. ವಾಸನೆ ಹಿಡಿದವಳೇ ಗಾಡಿಯ ಕೀ ಕಿತ್ತು ಕಿಸೆಗಿಟ್ಟುಕೊಂಡಳು.

“ನಮ್ಮ ಜೊತೆ ಬರೋರು ಕುಡಿಯಂಗಿಲ್ಲ.”

“ಗಾಡಿ ನಮ್ದು ಕಣವ್ವ.”

“ಗಾಡಿ ನಿಮ್ದು, ರೂಲ್ಸು ನಮ್ದು.”

ನಾಲ್ವರೂ ಡ್ರಮ್ಮು, ಗಿಟಾರು ಸಮೇತ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಬೇರೆ ಗಾಡಿ ಹುಡುಕಲಿಲ್ಲ, ಬೈಯಲಿಲ್ಲ. ಮಂಡಕ್ಕಿ ತಿಂದುಕೊಂಡು ಅವನ ನಶೆ ಇಳಿಯುವುದನ್ನೇ ಕಾದರು. ಇಳಿದಾಗ ಸಂಜೆ ನಾಲ್ಕು. ಅವರ ಮೊಟ್ಟಮೊದಲ ಕಾರ್ಯಕ್ರಮ ಹಾಸನದಲ್ಲಿ ಅವರಿಲ್ಲದೆಯೇ ಮುಗಿದಿತ್ತು. ಮುಂದಿನ ಭಾನುವಾರ ಮತ್ತೆ ಬಂದು ಅದೇ ಮೆಟ್ಟಿಲ ಮೇಲೆ ನಿಂತರು.

“ಬೇರೆ ಡ್ರೈವರ್ ಸಿಗಲಿಲ್ವಾ?” ಎಂದ ರುದ್ರೇಶ.

“ಸಿಗ್ತಾರೆ. ನಿಮ್ಮನ್ನ ಕಾದು ಅಭ್ಯಾಸ ಆಗಿದೆ,” ಎಂದಳು ಭುವನಾ.

ಆ ದಿನ ಅವನು ಕುಡಿದಿರಲಿಲ್ಲ. ಆಮೇಲೆ ವಾರಗಳಾದವು, ವರ್ಷಗಳಾದವು. ಗಂಗಾಧರಪ್ಪನವರು ಕಳಸಕ್ಕೆ ಹೋಗಿ ಬೆಳ್ಳಿ ದೀಪ ಒಪ್ಪಿಸಿ ಬಂದರು. ಕುಡಿತ ಬಿಡಿಸಿದ್ದು ದೇವರೇ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ದೇವರು ಯಾರ ಕೈಲಿ ಬಿಡಿಸಿದ ಎಂದು ಮಾತ್ರ ವಿಚಾರಿಸಲು ಹೋಗಲಿಲ್ಲ.

*

ಹತ್ತೂವರೆಗೆ ಅವರು ಬಂದರು. ಟೆಂಪೊದಿಂದ ತಂಡದವರು, ಅದರ ಹಿಂದೆಯೇ ಚಿಕ್ಕಮಗಳೂರು ಬಸ್ಸಿನಿಂದ ಇನ್ನೂ ಇಪ್ಪತ್ತು ಮಂದಿ. ಹಾಸನದವರು, ಮಂಗಳೂರಿನವರು, ವಿಷಯ ತಿಳಿದು ಮೊದಲ ಬಸ್ಸು ಹತ್ತಿದವರು. ಎಲ್ಲರದೂ ಕರಿ ಅಂಗಿ. ಕೆಲವರ ಕೊರಳಿನವರೆಗೂ ಹಚ್ಚೆ. ಒಬ್ಬಳ ಮೂಗಿನ ನಡುವೆ ಹೋರಿಗೆ ಹಾಕುವಂಥ ಉಂಗುರ. ಬಾಗಿಲ ಹೊರಗೆ ಬೂಟುಗಳನ್ನು ಸಾಲಾಗಿ ಬಿಚ್ಚಿಟ್ಟು, ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತರು. ಭಜನೆಯವರ ತಾಳ ತಪ್ಪಿತು.

ರುದ್ರಾಣಿ ಹೊರಗೆ ಬಂದಳು. “ಕರಿ ಬಟ್ಟೆ ಬಿಟ್ರೆ ನಿಮ್ಮ ಹತ್ರ ಇನ್ನೆಂತದೂ ಇಲ್ವಾ ಮಕ್ಕಳೇ?”

“ಇಲ್ಲ ಅಮ್ಮ,” ಎಂದ ಡ್ರಮ್ ಬಾರಿಸುವ ಅನಿಲ್, ತಲೆ ತಗ್ಗಿಸಿ.

“ನನಗೆ ಗೊತ್ತಿತ್ತು.” ಪೆಟ್ಟಿಗೆಯಿಂದ ತೆಗೆದಿಟ್ಟಿದ್ದ ಬಿಳಿ ಟವೆಲುಗಳನ್ನು ಒಬ್ಬೊಬ್ಬರ ಹೆಗಲಿಗೂ ಹಾಕಿದಳು. ಎಂಟು ಜನಕ್ಕೆ ಸಾಕಾದವು. ಉಳಿದವರು ಅವರ ಬೆನ್ನ ಹಿಂದೆ ಸರಿದುಕೊಂಡರು. ಈ ಮಕ್ಕಳು ಅವಳಿಗೆ ಹೊಸಬರಲ್ಲ. ಹೊರಊರಿನ ತಂಡಗಳು ಬಂದಾಗ ಅಂಗಡಿಯ ಗೋಣಿರಾಶಿಯ ಮೇಲೆಯೇ ಮಲಗಿಸಿ, ಬೆಳಿಗ್ಗೆ ರುದ್ರೇಶ ಅತ್ತಿಗೆಯ ಕೈಲಿ ಅಕ್ಕಿರೊಟ್ಟಿ ತಟ್ಟಿಸುತ್ತಿದ್ದ. ಗಂಗಾಧರಪ್ಪನವರು ಆ ಹೊತ್ತಿಗೆ ಪೂಜೆಗೆ ಕೂತಿರುತ್ತಿದ್ದರು. ಬಾಗಿಲು ಮುಚ್ಚಿ ಕೂತರೆ ಅಂಗಡಿಯ ಕಡೆಯ ನಗು ಕೇಳುತ್ತಿರಲಿಲ್ಲ.

ಅವರಲ್ಲೊಬ್ಬ ಹೊಸ್ತಿಲು ಎಡವಿದ, ಕಂಬ ಮುಟ್ಟಿ ನಿಂತ, ಕೈ ಮುಗಿಯಲು ಹೋಗಿ ಶೇಷಪ್ಪನಿಗೆ ಮುಗಿದ.

“ಹೆಣ ಅಲ್ಲಿದೆ ಮಾರಾಯ, ನಾನಿನ್ನೂ ಇದ್ದೀನಿ,” ಎಂದ ಶೇಷಪ್ಪ. “ಇವನೂ ಹಾಕ್ಕೊಂಡು ಬಂದಿದಾನೇನೋ ನೋಡಿ!”

“ಇಲ್ಲ, ಕನ್ನಡಕ ಇಲ್ಲ,” ಎಂದ ಹುಡುಗ ನಾಚಿ. ಅವನು ಗಿಟಾರಿನ ಅಜಿತ್, ಕಳಸದ ಕಡೆಯ ಅರ್ಚಕ ಕೃಷ್ಣಯ್ಯನವರ ಮಗ. “ನನ್ನ ಕನ್ನಡಕ... ರುದ್ರಣ್ಣನ ಹತ್ರ ಉಳಿದುಬಿಟ್ಟಿದೆ.”

ಗಂಗಾಧರಪ್ಪನವರು ತಲೆಯೆತ್ತಿದರು. ಆಸ್ಪತ್ರೆಯವರು ಕೊಟ್ಟ ಗಂಟಿನಲ್ಲಿ ತಮ್ಮನ ಅಂಗಿಯ ಜೊತೆ ಮೂರು ಕನ್ನಡಕ, ಎರಡು ಮನೆ ಬೀಗದ ಕೈ, ಒಂದು ಕಿವಿಯೋಲೆ ಇದ್ದವು. ಯಾರದೆಂದು ತಿಳಿಯದೆ ರಾತ್ರಿಯಿಡೀ ಅವುಗಳದೇ ಚಿಂತೆಯಾಗಿತ್ತು. ಎದ್ದು ಹೋಗಿ ಗಂಟು ತಂದು ಬಿಚ್ಚಿದರು.

“ಕುಣಿಯೋವಾಗ ಒಬ್ಬರ ಮೇಲೊಬ್ಬರು ಬೀಳ್ತೀವಲ್ಲ, ಒಡೆದು ಹೋಗಬಾರ್ದು ಅಂತ ಎಲ್ಲಾರೂ ಅವರ ಕೈಗೆ ಕೊಡ್ತಿದ್ವಿ,” ಎಂದಳು ಭುವನಾ. “ಕಿವಿಗೆ ಹತ್ತಿ ಇಟ್ಕೊಂಡು ಬಾಗಿಲ ಹತ್ರ ನಿಂತಿರೋರು, ಊರಿಗೆ ಬಂದು ಇಳಿಯೋವಾಗ ವಾಪಸು ಕೊಡೋರು. ಯಾವ ಕನ್ನಡಕ ಯಾರ್ದು ಅಂತ ನಮಗೆ ಮರೆತ್ರೂ ಅವರಿಗೆ ಮರೀತಿರಲಿಲ್ಲ.”

ಅಜಿತ್ ಮೂರರಲ್ಲೊಂದನ್ನು ಹಾಕಿಕೊಂಡು ಗೋಡೆಯ ಕಡೆ ತಿರುಗಿದ. ರುದ್ರೇಶ ಆಗ ಅವನಿಗೆ ಸರಿಯಾಗಿ ಕಂಡ. ಹಿಂದೆ ನಿಂತಿದ್ದವರ ಅಳು ಆಗ ಹೊರಗೆ ಬಂತು. ಅಂಥ ಗಂಟಲಿನವರು ಅಷ್ಟು ಸಣ್ಣಗೆ ಅಳಬಲ್ಲರೆಂದು ಪಡಸಾಲೆಯಲ್ಲಿ ಯಾರೂ ಎಣಿಸಿರಲಿಲ್ಲ.

ಶೇಷಪ್ಪ ಸುಮ್ಮನಿರುವ ಜೀವವಲ್ಲ. “ಅಲ್ಲಯ್ಯ, ಭಟ್ಟರ ಮಗ ನೀನು. ಕುಡಿಯಲ್ವಂತೆ?”

“ಇಲ್ಲ.”

“ಸೇದಲ್ಲ?”

“ಇಲ್ಲ.”

“ಮಾಂಸ? ಆ ಅನಿಲ್ ಆದ್ರೂ ತಿಂತಾನಾ?”

“ನಮ್ಮ ತಂಡದಲ್ಲಿ ಯಾರೂ ತಿನ್ನಲ್ಲ.”

“ಮತ್ತೆ ಯಾವ ಸುಖಕ್ಕೆ ಹಾಗೆ ಅರಚ್ತೀರಿ ಮಾರಾಯ? ಇಷ್ಟೆಲ್ಲ ಬಿಟ್ಟೋರು ಮಠ ಸೇರ್ತಾರೆ!”

ಅಯ್ಯನವರು ಕೆಮ್ಮಿ ನಗೆ ನುಂಗಿಕೊಂಡರು. ಭಜನೆಯವರಲ್ಲಿ ಒಬ್ಬ ನುಂಗಿಕೊಳ್ಳಲಿಲ್ಲ.

“ಕೈ ತೋರಿಸ್ರೋ,” ಎಂದ ಶೇಷಪ್ಪ, ನಕ್ಕದ್ದಕ್ಕೆ ಹುರುಪುಗೊಂಡು. ಮಕ್ಕಳು ತೋರಿಸಿದರು. ಎಲ್ಲರ ಹಿಂಗೈಯಲ್ಲೂ ಮಾಸಿದ ಇಂಟು ಮಾರ್ಕು. “ಇದೆಂತದು?”

“ಕುಡಿಯಲ್ಲ ಅನ್ನೋದರ ಗುರುತು,” ಎಂದ ಅನಿಲ್. “ಹಾಡೋಕೆ ಮುಂಚೆ ಎಲ್ಲರೂ ಹಾಕ್ಕೊಳ್ತೀವಿ.”

“ಹಾಗಾದ್ರೆ ಗಾಡಿ ವೈನ್ ಶಾಪ್ ಮುಂದೆ ಯಾಕೆ ನಿಂತಿತ್ತು?”

ಗಂಗಾಧರಪ್ಪನವರು ನೆಲ ನೋಡುತ್ತಿದ್ದರು. ಅನಿಲನೂ ಭುವನಾಳೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹೇಳಲೋ ಬೇಡವೋ ಎಂಬಂತೆ ಭುವನಾ ಶುರುಮಾಡಿದಳು.

“ರುದ್ರಣ್ಣ ಯಾವ ವೈನ್ ಶಾಪ್ ಕಂಡ್ರೂ ಒಂದು ಹಾರನ್ ಹೊಡೆಯೋರು. ಒಂದೇ ಒಂದು. ‘ಹಳೇ ನೆಂಟರು ಕಣ್ರೋ, ಮಾತಾಡಿಸದೆ ಹೋಗಬಾರ್ದು, ಮಾತಾಡಿಸಿದ ಮೇಲೆ ನಿಲ್ಲಬಾರ್ದು’ ಅನ್ನೋರು. ಹನ್ನೊಂದು ವರ್ಷದಲ್ಲಿ ಒಂದು ಅಂಗಡೀನೂ ಬಿಟ್ಟಿಲ್ಲ. ಕೋಯಿಕ್ಕೋಡ್ ತನಕ ಹೋಗಿ ಬರೋದ್ರೊಳಗೆ ಹಾರನ್ ಕೇಳಿ ಕೇಳಿ ನಮಗೆ ನಿದ್ದೆ ಇರ್ತಿರಲಿಲ್ಲ. ನಿನ್ನೆನೂ ಹೊಡೆದ್ರು. ಹೊಡೆದ ಕೈ ಹಾಗೇ ಎದೆ ಮೇಲೆ ಬಂತು. ಎಡಕ್ಕೆ ತಗೊಂಡು, ಹ್ಯಾಂಡ್ ಬ್ರೇಕ್ ಎಳೆದು, ‘ಒಂದು ನಿಮಿಷ ತಡೀರಿ ಮಕ್ಕಳೇ’ ಅಂದ್ರು. ಮುಂದೆ ಇಳಿಜಾರು, ಕೆಳಗೆ ಹಳ್ಳ. ಸಮತಟ್ಟು ಜಾಗ ಅಂತ ಇದ್ದಿದ್ದು ಆ ಅಂಗಡಿ ಮುಂದೆ ಮಾತ್ರ. ಒಂಬತ್ತು ಜನ ಇದ್ವಿ ನಾವು ಗಾಡೀಲಿ.”

ಶೇಷಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. “ಬಸ್‌ಸ್ಟ್ಯಾಂಡಿನವರಿಗೆ ಹೇಳ್ತೀನಿ,” ಎಂದ.

*

ಏಳು ವರ್ಷದ ಹಿಂದಿನ ಶಿವರಾತ್ರಿ. ಗಂಗಾಧರಪ್ಪನವರು ಹೊಸ ಶಿವದಾರ ತರಿಸಿದ್ದರು. ರುದ್ರೇಶ ಕುಡಿತ ಬಿಟ್ಟು ನಾಲ್ಕು ವರ್ಷ ತುಂಬಿತ್ತು. ಇನ್ನು ಕಾಯುವುದೇನಿದೆ? ಸಂಜೆ ಪೂಜೆ ಮುಗಿಸಿ, ಮಿಂದು ಬಂದಿದ್ದ ರುದ್ರೇಶನನ್ನು ದೇವರಮನೆಗೆ ಕರೆದು, ಕರಡಿಗೆ ತೆರೆದು ಮುಂದೆ ಹಿಡಿದರು.

“ತಗೋ. ನಿಂದು.”

ರುದ್ರೇಶ ನೋಡಿದ. ನೋಡುತ್ತ ನೋಡುತ್ತ ಅವನ ಎರಡೂ ಕೈ ಬೆನ್ನ ಹಿಂದಕ್ಕೆ ಹೋದವು.

“ಬೇಡ ಅಣ್ಣಯ್ಯ.”

“ಯಾಕೋ?”

“ಈಗ ಬೇಡ.”

ಅಷ್ಟೇ ಮಾತು. ಗಂಗಾಧರಪ್ಪನವರು ಕರಡಿಗೆ ಮುಚ್ಚಿದರು. ಹುಡುಗರು ತಮ್ಮನ ಕುಡಿತ ಬಿಡಿಸಿದರು, ಅದರ ಜೊತೆಗೆ ದೇವರನ್ನೂ ಬಿಡಿಸಿದರು ಎಂದು ಆ ರಾತ್ರಿ ಅವರಿಗೆ ಅನ್ನಿಸಿತು. ಆಮೇಲೆ ಆ ಮಾತು ಎತ್ತಲಿಲ್ಲ. ಉಣ್ಣುವಾಗ ಸಾರು ಬೇಕಾ ಎಂದು ಕೇಳುತ್ತಿದ್ದರು, ಗಾಡಿಯ ಟೈರಿನ ವಿಚಾರ ಮಾತಾಡುತ್ತಿದ್ದರು. ಅಣ್ಣತಮ್ಮಂದಿರ ನಡುವೆ ಏನೂ ಕೆಟ್ಟಿರಲಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಎರಡನೆಯ ಲಿಂಗಕ್ಕೆ ನೀರೆರೆಯುವಾಗ ಕೈ ಒಂದಿಷ್ಟು ಭಾರವಾಗುತ್ತಿತ್ತು.

*

“ಹೊತ್ತಾಯ್ತು ಗಂಗಾಧರಪ್ಪನೋರೆ,” ಎಂದರು ಅಯ್ಯನವರು. ಅಂಗಳದಲ್ಲಿ ಬಿದಿರು, ಬಾಳೆದಿಂಡು, ಚೆಂಡುಹೂವಿನಿಂದ ಕಟ್ಟಿದ, ಕೂರಿಸಿ ಹೊರುವ ವಿಮಾನ ಸಿದ್ಧವಾಗಿತ್ತು.

ಗಂಗಾಧರಪ್ಪನವರು ಎದ್ದು ದೇವರಮನೆಯ ಕಡೆ ಹೋಗಲಿಲ್ಲ, ಹಿತ್ತಲಿಗೆ ಹೋದರು. ಕಾಫಿ ಹೂವು ಬಿರಿದ ಕಾಲ. ಊರಾಚೆಯ ತೋಟಗಳ ಪರಿಮಳ ಹಿತ್ತಲವರೆಗೂ ಬಂದಿತ್ತು. ಬಾವಿಕಟ್ಟೆಯ ಹತ್ತಿರ ಭುವನಾ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ರುದ್ರಾಣಿ ಪಕ್ಕದಲ್ಲಿ ಚೊಂಬು ಹಿಡಿದಿದ್ದಳು. ಗಂಡನ ಮುಖ ನೋಡಿ, “ಕೇಳೋದಿದ್ರೆ ಕೇಳಿಬಿಡ್ರಿ. ನಾಳೆ ಕೇಳೋಕೆ ಆಗಲ್ಲ,” ಎಂದು ಒಳಗೆ ಹೋದಳು.

“ಏನವ್ವ, ನಿಮ್ಮ ಕೂಟದಲ್ಲಿ ದೇವರು ಬೇಡ ಅಂತ ಏನಾದ್ರೂ ಇದೆಯಾ?” ಎಂದರು ಗಂಗಾಧರಪ್ಪ.

ಭುವನಾ ಗಾಬರಿಯಾದಳು. “ಇಲ್ಲ ದೊಡ್ಡಪ್ಪ. ಅಜಿತ್ ಈಗಲೂ ದಿನಾ ಸಂಧ್ಯಾವಂದನೆ ಮಾಡ್ತಾನೆ. ಗಾಡೀಲೇ. ರುದ್ರಣ್ಣ ಅವನಿಗೆ ಅಂತಾನೇ ಒಂದು ಬಾಟಲಿ ನೀರು ಬೇರೆ ಇಡೋರು.”

“ಆ ಗುರುತು... ಅವನ ಕೈಗೆ ನಿನ್ನೆ ಹಾಕಿದ್ದು ಯಾರು?”

“ನಾನೇ. ಮೂರು ಗಂಟೆಗೆ. ಯಾವಾಗ್ಲೂ ನಾನೇ ಹಾಕೋದು.” ಅವಳು ಒದ್ದೆ ಮುಖ ಒರೆಸಿಕೊಂಡಳು. “ಕುಡಿದಿದ್ರೆ ಅವರು ಕೈ ಚಾಚ್ತಿರಲಿಲ್ಲ ದೊಡ್ಡಪ್ಪ. ನೀವು ಅದನ್ನೇ ತಾನೆ ಕೇಳ್ತಿರೋದು? ಒಂದ್ಸಲ ಕುಡಿದಿದ್ರು. ಆಗ ಚಾಚಲಿಲ್ಲ.”

“ಯಾವಾಗ?”

“ಕೋವಿಡ್‌ಗೆ ಹಿಂದಿನ ವರ್ಷ. ಹಾಸನದಲ್ಲಿ. ನಾವು ಒಳಗೆ ಹಾಡ್ತಿದ್ವಿ. ಹೊರಗೆ ಬಂದಾಗ ಅವರೇ ಗಾಡಿ ಕೀ ತಂದು ನನ್ನ ಕೈಲಿಟ್ರು. ನಾನು ಕೇಳಿರಲಿಲ್ಲ, ನನಗೆ ಗೊತ್ತೂ ಆಗಿರಲಿಲ್ಲ. ಅವತ್ತು ಅನಿಲ್ ಓಡಿಸಿದ. ಆಮೇಲೆ ಮೂರು ತಿಂಗಳು ಗಾಡಿ ಓಡಿಸಿದ್ರು, ನಮ್ಮ ಜೊತೆ ಬಂದ್ರು, ಆದ್ರೆ ನಾನು ಮಾರ್ಕರ್ ಹಿಡ್ಕೊಂಡು ಹೋದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನಿಲ್ಲೋರು. ‘ಈಗ ಬೇಡ’ ಅನ್ನೋರು. ‘ಕೊಳೆ ಕೈಗೆ ಇಸ್ಕೊಂಡ್ರೆ ಕೊಟ್ಟೋರಿ‌ಗೆ ಮೋಸ ಮಾಡಿದ ಹಾಗೆ’ ಅನ್ನೋರು.”

ಗಂಗಾಧರಪ್ಪನವರು ಬಾವಿಕಟ್ಟೆಯ ಮೇಲೆ ಕೂತರು.

“ಹಾಸನಕ್ಕೆ ಹೋಗಿದ್ದು ಯಾವ ತಿಂಗಳು?”

“ಮಾರ್ಚ್. ಶಿವರಾತ್ರಿಗೆ ಎರಡು ದಿನ ಇತ್ತು. ಹಬ್ಬಕ್ಕೆ ಅಣ್ಣಯ್ಯನ ಮುಖ ಹೇಗೆ ನೋಡಲಿ ಅಂತ ದಾರಿಯುದ್ದಕ್ಕೂ ಅತ್ತಿದ್ರು.”

ಬಾವಿಯ ರಾಟೆಯ ಮೇಲೆ ಕೂತಿದ್ದ ಕಾಗೆ ಹಾರಿತು. ಗಂಗಾಧರಪ್ಪನವರು ತಮ್ಮ ಎರಡೂ ಅಂಗೈಗಳನ್ನು ತೆರೆದು, ಎಂದೂ ಕಾಣದವರಂತೆ ನೋಡಿಕೊಂಡರು.

“ಮೂರು ತಿಂಗಳಾದ ಮೇಲೆ?”

“ಒಂದು ದಿನ ತಾವೇ ಚಾಚಿದ್ರು. ಆಮೇಲೆ ತಪ್ಪಲಿಲ್ಲ.” ಭುವನಾ ಅವರ ಪಕ್ಕದಲ್ಲಿ ಕೂತಳು. “ಒಂದ್ಸಲ ಚಾರ್ಮಾಡಿ ಇಳೀತಾ, ‘ಅಣ್ಣಯ್ಯ ಇನ್ನೊಂದು ಸಲ ಕರೆದ್ರೆ ಈ ಸಲ ಎರಡೂ ಕೈ ಚಾಚ್ತೀನಿ’ ಅಂದಿದ್ರು. ಯಾವುದಕ್ಕೆ ಅಂತ ನಮಗೆ ಗೊತ್ತಿಲ್ಲ. ‘ನೀವೇ ಕೇಳಿ ರುದ್ರಣ್ಣ’ ಅಂದೆ. ‘ಹಿರಿಯರು ಕೊಡಬೇಕು, ಕೇಳಿ ತಗೊಳ್ಳೋದಲ್ಲ’ ಅಂದ್ರು. ಆದ್ರೆ ನಗ್ತಾನೇ ಅಂದ್ರು ದೊಡ್ಡಪ್ಪ. ‘ಅವಸರ ಏನಿಲ್ಲ, ಅಣ್ಣಯ್ಯ ಅದನ್ನ ನನಗಿಂತ ಚೆನ್ನಾಗಿ ನೋಡ್ಕೊಳ್ತಾನೆ’ ಅಂದ್ರು.”

ಗಂಗಾಧರಪ್ಪನವರ ಗಂಟಲಿನಿಂದ ಒಂದು ಸದ್ದು ಬಂತು. ಅದು ಅಳುವೋ ನಗೆಯೋ ಭುವನಾಗೆ ತಿಳಿಯಲಿಲ್ಲ. ಏಳು ವರ್ಷ ತಮ್ಮ ಕೇಳಲೆಂದು ಅಣ್ಣ, ಅಣ್ಣ ಕರೆಯಲೆಂದು ತಮ್ಮ ಕಾದಿದ್ದರು. ನಡುವೆ ಇದ್ದದ್ದು ಒಂದು ಅಡುಗೆಮನೆ, ಒಂದು ಗೋಡೆ.

ಅವರು ಎದ್ದರು. ಎಪ್ಪತ್ತೆರಡರ ಕಾಲಿಗೆ ಒಗ್ಗದ ಬಿರುಸಿನಲ್ಲಿ ದೇವರಮನೆಗೆ ನಡೆದರು.

*

ವಿಮಾನ ಪೇಟೆಬೀದಿಗೆ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ಮುಂದೆ ಭಜನೆ, ನಡುವೆ ರುದ್ರೇಶ, ಹಿಂದೆ ಹೆಂಗಸರು ಕೂತ ಟೆಂಪೊ. ಅದನ್ನು ಅನಿಲ್ ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದ. ಹೊರುವವರು ಸರದಿಯ ಮೇಲೆ ಹೆಗಲು ಬದಲಿಸುತ್ತಿದ್ದರು. ಗಂಗಾಧರಪ್ಪನವರೇ ಕರೆದು ಮಕ್ಕಳ ಹೆಗಲಿಗೂ ಬಿದಿರು ಕೊಡಿಸಿದರು. ಬಿಳಿ ಟವೆಲಿನ ಮೇಲೆ ಬಿದಿರು ಕೂತಿತು.

ರುದ್ರಭೂಮಿಯ ದಿಣ್ಣೆ ಹತ್ತುವಾಗ ಶೇಷಪ್ಪ ಜಲ್ಲಿಕಲ್ಲಿನ ಮೇಲೆ ಕಾಲು ಜಾರಿದ. ಅವನ ಮೊಣಕಾಲು ನೆಲ ಮುಟ್ಟುವ ಮೊದಲೇ ಆರೇಳು ಕೈಗಳು ಅವನನ್ನು ಎತ್ತಿ ನಿಲ್ಲಿಸಿ, ಪಂಚೆಯ ಧೂಳನ್ನೂ ಕೊಡವಿದವು.

“ಎಂಥ ಚುರುಕು ಮಾರಾಯ!” ಎಂದ ಶೇಷಪ್ಪ.

“ಅಭ್ಯಾಸ ಶೇಷಣ್ಣ. ನಮ್ಮಲ್ಲಿ ಯಾರು ಬಿದ್ರೂ ಮೊದಲು ಎತ್ತಬೇಕು, ಆಮೇಲೆ ಹಾಡು,” ಎಂದ ಅಜಿತ್.

“ಬೀಳಿಸೋರು ಯಾರು?”

“ಅದೂ ನಾವೇ.”

ಮೆಟ್ಟಿಲು ಕಡಿದ ಗುಂಡಿಯೊಳಗೆ, ಗೋಡೆಗೆ ಕೊರೆದ ಗೂಡಿನಲ್ಲಿ ರುದ್ರೇಶನನ್ನು ಕೂರಿಸಿದರು. ಅಯ್ಯನವರು ಮಂತ್ರ ಹೇಳಿ ಮೇಲೆ ನೋಡಿದರು. ಗಂಗಾಧರಪ್ಪನವರು ಅಳಿಯನ ಭುಜ ಹಿಡಿದುಕೊಂಡು ಕೆಳಗಿಳಿದರು. ಕರಡಿಗೆಯಿಂದ ಲಿಂಗ ತೆಗೆದು ಕಣ್ಣಿಗೊತ್ತಿಕೊಂಡರು. ಹದಿನೆಂಟು ವರ್ಷ ತಾವೇ ತೊಳೆದ ಕಲ್ಲು. ಅದರ ಒಂದೊಂದು ನುಣುಪೂ ಬೆರಳಿಗೆ ಗೊತ್ತು.

“ತಗೋ. ನಿಂದು,” ಎಂದರು. ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಬಲಗೈಯನ್ನೂ ಎತ್ತಿ ಅದರ ಕೆಳಗೆ ಆನಿಸಿದರು. ಎರಡೂ ಕೈ ಚಾಚುತ್ತೇನೆ ಎಂದಿದ್ದನಲ್ಲ.

ಅಯ್ಯನವರು ಹಿಂಗೈಯ ಗುರುತನ್ನು ನೋಡಿದರು. “ಇದು ಹೋಗಲಿಲ್ವಾ?”

“ಇರಲಿ ಅಯ್ಯನೋರೆ. ಅದನ್ನ ಅವನು ಸುಮ್ಮನೆ ಹಾಕಿಸಿಕೊಂಡೋನಲ್ಲ.”

ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಗಂಗಾಧರಪ್ಪನವರು ಆ ಇಂಟು ಮಾರ್ಕಿನ ಮೇಲೆಯೇ ಎಳೆದರು. ಬಿಳಿಯ ಮೂರು ಗೆರೆಗಳ ಅಡಿಯಲ್ಲಿ ಕರಿಯ ಎರಡು ಗೆರೆಗಳು ಹಾಗೇ ಕಾಣುತ್ತಿದ್ದವು. ಉಪ್ಪು, ಬಿಲ್ವಪತ್ರೆ, ಮಣ್ಣು ಬಿದ್ದವು. ಮಕ್ಕಳೂ ಸಾಲಾಗಿ ನಿಂತು ಮೂರು ಮೂರು ಹಿಡಿ ಹಾಕಿದರು.

*

ವಾಪಸು ಬರುವಾಗ ಗಂಗಾಧರಪ್ಪನವರನ್ನು ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿದರು. ಹನ್ನೊಂದು ವರ್ಷದಲ್ಲಿ ಅವರು ಅಲ್ಲಿ ಕೂತದ್ದು ಇದೇ ಮೊದಲು. ಗಾಜಿನ ಮೇಲೆ ಕಾಂಡಕೊರಕದ ಚೀಟಿ, ಅದರ ಪಕ್ಕದಲ್ಲಿ ಕಳಸೇಶ್ವರನ ಚಿತ್ರ. ಬೆಳ್ಳಿ ದೀಪ ಒಪ್ಪಿಸಿದ ದಿನ ತಾವೇ ತಂದುಕೊಟ್ಟದ್ದು. ಇಲ್ಲಿ ಅಂಟಿಸಿಕೊಂಡಿದ್ದಾನೆಂದು ಅವರಿಗೆ ತಿಳಿದಿರಲಿಲ್ಲ.

“ಮುಂದಿನ ಭಾನುವಾರ ಎಲ್ಲಿ ನಿಮ್ಮ ಕೂಗಾಟ?” ಎಂದು ಕೇಳಿದರು.

“ಸಕಲೇಶಪುರ ಅಂತಿತ್ತು. ಬೇಡ ಅಂತ ಹೇಳಿಬಿಟ್ವಿ ದೊಡ್ಡಪ್ಪ,” ಎಂದ ಅನಿಲ್.

“ಬೇಡ ಅನ್ನೋಕೆ ನೀವ್ಯಾರು? ಗಾಡಿ ನಂದು.”

ಹಿಂದಿನ ಸೀಟಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅನಿಲ್ ಪೇಟೆಬೀದಿಗೆ ತಿರುಗಿಸಿದ. ಬಸ್‌ಸ್ಟ್ಯಾಂಡ್ ದಾಟಿ, ಔಷಧದ ಅಂಗಡಿ ದಾಟಿ, ಗಾಡಿ ವೈನ್ ಶಾಪಿನ ಹತ್ತಿರ ಬಂತು. ಬೆಳಿಗ್ಗೆಯಿಂದ ಎರಡು ಸಲ ಅದರ ಮುಂದೆ ಹಾದಿದ್ದರು. ಎರಡು ಸಲವೂ ಅನಿಲನ ಹೆಬ್ಬೆರಳು ಹಾರನ್ ಮೇಲೆ ಹೋಗಿ, ಇಂಥ ದಿನ ಬೇಡವೆಂದು ಹಿಂದಕ್ಕೆ ಸರಿದಿತ್ತು. ಈಗಲೂ ಸರಿಯಿತು.

ಗಂಗಾಧರಪ್ಪನವರು ಅದನ್ನು ನೋಡಿದರು. ಸೀಟಿನಿಂದ ಮುಂದಕ್ಕೆ ಬಾಗಿ, ವಿಭೂತಿ ಮೆತ್ತಿದ ಕೈಯನ್ನು ಸ್ಟಿಯರಿಂಗಿನವರೆಗೆ ಚಾಚಿ ಒತ್ತಿದರು. ಒಂದೇ ಒಂದು ಸಲ.

ಒಳಗೆ, ಕಂಬಿಯ ಹಿಂದೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮುದುಕ ಏನನ್ನೋ ಬರೆಯುತ್ತಿದ್ದ. ಹಾರನ್ ಕೇಳಿ, ತಲೆಯೆತ್ತದೆಯೇ, ಎಂದಿನಂತೆ ಎಡಗೈ ಮೇಲೆತ್ತಿದ. ಆಮೇಲೆ ನೆನಪಾಗಿ ರಸ್ತೆಯ ಕಡೆ ನೋಡಿದ. ಟೆಂಪೊ ಮುಂದೆ ಹೋಗಿತ್ತು. ಎತ್ತಿದ ಕೈ ಇಳಿಯದೆ ಹಾಗೇ ನಿಂತಿತ್ತು.